ಮೊದಲು ಅಂದಾಜು, ಆಮೇಲೆ ಸೂತ್ರ

ಸಂಜೆ ಹೊತ್ತು ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಪ್ರಶ್ನೆ ಓದಿದ ಕೂಡಲೇ ಎಲ್ಲರದ್ದೂ ಒಂದೇ ಮಾತು: ‘ಮಿಸ್, ಇದಕ್ಕೆ ಯಾವ ಸೂತ್ರ?’ ಸೂತ್ರ ಇರಲಿ, ಉತ್ತರ ಸುಮಾರು ಎಷ್ಟು ಬರಬಹುದು ಹೇಳು ಅನ್ನುತ್ತೇನೆ. ಮೊದಮೊದಲು ಮುಖ ಸಪ್ಪಗೆ ಮಾಡುತ್ತಾರೆ.

ಒಂದು ಬಾವಿಯ ವ್ಯಾಸ 14 ಅಡಿ, ಸುತ್ತಳತೆ ಎಷ್ಟು? ಪೈ ಬೆಲೆ 3 ಅಂತ ಇಟ್ಟುಕೊಂಡರೆ ಬಾಯಿಲೆಕ್ಕದಲ್ಲೇ 42. ಪೈ 3ಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಉತ್ತರವೂ ಸ್ವಲ್ಪ ಜಾಸ್ತಿ ಇರಬೇಕು. 22/7 ಹಾಕಿದರೆ 44. ಯಾರಿಗಾದರೂ 88 ಬಂದಿದ್ದರೆ ವ್ಯಾಸವನ್ನೇ ತ್ರಿಜ್ಯ ಅಂದುಕೊಂಡಿದ್ದಾರೆ. 154 ಬಂದಿದ್ದರೆ ವಿಸ್ತೀರ್ಣದ ಸೂತ್ರ ಹಾಕಿದ್ದಾರೆ. 42 ಅನ್ನೋದು ತಲೆಯಲ್ಲಿದ್ದರೆ ಎರಡನ್ನೂ ಮಕ್ಕಳೇ ಹಿಡಿಯುತ್ತಾರೆ, ನಾನು ಹೇಳಬೇಕಾಗಿಲ್ಲ.

ಇದೇನು ಕಳ್ಳದಾರಿ ಅಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಇದ್ದ ನಮ್ಮ ಗಣಿತಜ್ಞ ಮಹಾವೀರಾಚಾರ್ಯರು ವೃತ್ತಕ್ಕೆ ಎರಡು ಬಗೆಯ ಲೆಕ್ಕ ಕೊಟ್ಟಿದ್ದಾರೆ. ದಿನದ ವ್ಯವಹಾರಕ್ಕೆ 3. ಸೂಕ್ಷ್ಮವಾಗಿ ಬೇಕೆಂದರೆ 10ರ ವರ್ಗಮೂಲ, ಅಂದರೆ ಸುಮಾರು 3.16.

ರೇಖಾಗಣಿತಕ್ಕೆ ನನಗೆ 30-40 ಸೈಟೇ ಸಾಕು. 1,200 ಚದರ ಅಡಿ. ಒಂದು ಗುಂಟೆ 1,089 ಆದ್ದರಿಂದ ಅದಕ್ಕಿಂತ ತುಸು ದೊಡ್ಡದು. ಮೂಲೆಯಿಂದ ಮೂಲೆಗೆ ಎಷ್ಟು ದೂರ? 40ಕ್ಕಿಂತ ಜಾಸ್ತಿ, ಯಾಕೆಂದರೆ ಉದ್ದದ ಬಾಹುವೇ 40. ಅಂಚಿನಲ್ಲಿ ನಡೆದು ಹೋದರೆ 70, ಅಡ್ಡ ಹಾಯ್ದರೆ ಅದಕ್ಕಿಂತ ಕಡಿಮೆ ತಾನೆ? ಇಷ್ಟಾದ ಮೇಲೆ ಪೈಥಾಗೊರಸ್: 900 ಮತ್ತು 1,600 ಸೇರಿ 2,500, ಅದರ ವರ್ಗಮೂಲ 50. ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ದಾರ ಎಳೆದು 3-4-5 ನೋಡುವುದೂ ಇದನ್ನೇ. ಒಂದು ಬದಿಯಲ್ಲಿ 3, ಇನ್ನೊಂದರಲ್ಲಿ 4 ಗುರುತು ಹಾಕಿ, ಎರಡರ ನಡುವಿನ ಅಡ್ಡ ಅಳತೆ 5ಕ್ಕಿಂತ ಜಾಸ್ತಿ ಬಂದರೆ ಮೂಲೆ 90 ಡಿಗ್ರಿಗಿಂತ ಅಗಲವಾಗಿದೆ ಎಂದರ್ಥ.

ಮಕ್ಕಳು ನಿಜವಾಗಿ ಹೆದರುವುದು ಬೀಜಗಣಿತಕ್ಕೆ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು: ಆಯತದ ಉದ್ದ ಅಗಲಕ್ಕಿಂತ 7 ಜಾಸ್ತಿ, ವಿಸ್ತೀರ್ಣ 60. ಅದು ಚೌಕವಾಗಿದ್ದರೆ ಬಾಹು 7 ಮತ್ತು 8ರ ನಡುವೆ ಇರುತ್ತಿತ್ತು, 49 ಮತ್ತು 64ರ ನಡುವೆ 60 ಇದೆ ಅಲ್ವಾ. ಹಾಗಾದರೆ ಅಗಲ 8ಕ್ಕಿಂತ ಕಡಿಮೆ, ಉದ್ದ 7ಕ್ಕಿಂತ ಜಾಸ್ತಿ. ಈಗ ಎರಡರ ಸರಾಸರಿ ಹಿಡಿಯಿರಿ. ಉದ್ದ ಅದಕ್ಕಿಂತ 3.5 ಹೆಚ್ಚು, ಅಗಲ 3.5 ಕಡಿಮೆ. ಗುಣಿಸಿದರೆ ಸರಾಸರಿಯ ವರ್ಗದಲ್ಲಿ 3.5ರ ವರ್ಗ 12.25 ಕಳೆದಂತೆ, ಅದು 60. ಅಂದರೆ ಸರಾಸರಿಯ ವರ್ಗ 72.25, ಸರಾಸರಿ 8.5. ಉದ್ದ 12, ಅಗಲ 5. ಕರ್ಣ ಕೇಳಿದರೆ ಅದೂ ಸಲೀಸು, 13.

ಈಗಿನ ಇರಾಕ್‌ನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿಯಾದ ಮಣ್ಣಿನ ಹಲಗೆಯೊಂದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಮೂರೂವರೆ ಸಾವಿರ ವರ್ಷಕ್ಕೂ ಹಳೆಯದು. ಗುಣಲಬ್ಧ 60, ವ್ಯತ್ಯಾಸ 7, ಆ ಎರಡು ಸಂಖ್ಯೆ ಯಾವುವು ಅನ್ನುವುದೇ ಅದರಲ್ಲಿರುವ ಲೆಕ್ಕ. 7ನ್ನು ಅರ್ಧ ಮಾಡು, ವರ್ಗ ಮಾಡು, 60 ಕೂಡಿಸು, ವರ್ಗಮೂಲ ತೆಗೆ. ಇವೇ ಹೆಜ್ಜೆಗಳು! ಅವರು ಬರೆದದ್ದು 60ರ ಆಧಾರದ ಅಂಕಿಗಳಲ್ಲಿ, ಅಷ್ಟೇ ಬೇರೆ. ಇದನ್ನು ಹೇಳಿದರೆ ಹಿಂದಿನ ಸಾಲಿನ ಹುಡುಗರೂ ತಲೆ ಎತ್ತುತ್ತಾರೆ.

ಪರೀಕ್ಷೆಯ ಮಾತು ಬೇರೆ. ಅಲ್ಲಿ ಹಂತಕ್ಕೆ ಅಂಕ. ಅಗಲ ಎಕ್ಸ್ ಆಗಿರಲಿ ಅಂತ ಶುರು ಮಾಡಿ, ಎಕ್ಸ್² + 7ಎಕ್ಸ್ − 60 = 0 ಎಂದು ಬರೆದು, ಅಪವರ್ತಿಸಿ, 5 ಮತ್ತು −12 ಎರಡನ್ನೂ ತೋರಿಸಲು ಹೇಳುತ್ತೇನೆ. −12ನ್ನು ಸುಮ್ನೆ ಹೊಡೆದು ಹಾಕಬಾರದು. ಅಗಲ ಋಣಸಂಖ್ಯೆ ಆಗಲಾರದು ಅಂತ ಒಂದು ಸಾಲು ಬರೆಯಬೇಕು. ಅಂದಾಜು ಮಾತ್ರ ಪುಟದ ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ.