ಶಾಲೆಯ ಒತಯೋರಿ ಓದಿಸಿ ನಾನು ಮಾಡಿದ ಸಂಶೋಧನೆ

ಜಪಾನಿನಲ್ಲಿರುವ ಕನ್ನಡಿಗರನ್ನು ‘ಜಪಾನಿ ಭಾಷೆ ಎಷ್ಟು ಬರುತ್ತೆ?’ ಎಂದು ಕೇಳಿ ನೋಡಿ. ಹೆಚ್ಚಿನವರು ಪರೀಕ್ಷೆಯ ಹಂತ ಹೇಳುತ್ತಾರೆ. ‘ಎನ್4 ಆಗಿದೆ’, ‘ಎನ್3ಗೆ ಓದ್ತಾ ಇದ್ದೀನಿ’. ಜೆಎಲ್‌ಪಿಟಿ ಎಂಬ ಈ ಪರೀಕ್ಷೆ 1984ರಲ್ಲಿ ಶುರುವಾಯಿತು, 2010ರಿಂದ ಐದು ಹಂತಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಓದಿಸುತ್ತಾರೆ, ಕೇಳಿಸುತ್ತಾರೆ. ಮಾತಾಡಿಸುವುದಿಲ್ಲ, ಒಂದು ವಾಕ್ಯವನ್ನೂ ಬರೆಸುವುದಿಲ್ಲ. ಹಲವು ವರ್ಷ ಜಪಾನಿ ಕಲಿಸಿದ ನನಗೆ ಈ ಹಂತಗಳ ಬೆಲೆ ಗೊತ್ತು. ಆದರೆ ಸಂಶೋಧನೆಗೆ ಕೂತಾಗ ನನ್ನ ಪ್ರಶ್ನೆ ಬೇರೆ ಇತ್ತು. ಮಗುವಿನ ಶಾಲೆಯಿಂದ ಒಂದು ಕಾಗದ ಬಂದಿದೆ. ಅದನ್ನು ಓದಿದ ತಾಯಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆಯೇ?

ಇಂಥ ಕಾಗದಕ್ಕೆ ಇಲ್ಲಿ ಒತಯೋರಿ ಅನ್ನುತ್ತಾರೆ. ಪಿಕ್ನಿಕ್, ಆಟೋಟದ ದಿನ, ಈಜು, ಪೋಷಕರ ಸಭೆ, ಎಲ್ಲಕ್ಕೂ ಒಂದೊಂದು ಬರುತ್ತದೆ. ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ ನನಗೆ ಈ ವಿಷಯ ಸಿಕ್ಕಿತು. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದ ಭಾರತೀಯರು ಆ ಕಡೆ ಮನೆ ಮಾಡಿದರು. ಆಮೇಲೆ ಅದು ದೊಡ್ಡ ಭಾರತೀಯ ನೆಲೆಯೇ ಆಯಿತು. ಬೆಂಗಳೂರಿನಿಂದ ಬಂದವರಿಗಂತೂ ಲೆಕ್ಕವಿಲ್ಲ. ಅನುಕೂಲ ಇದ್ದವರು ಮಕ್ಕಳನ್ನು ಭಾರತೀಯ ಶಾಲೆಗೆ ಹಾಕುತ್ತಾರೆ. ಉಳಿದವರು ಮನೆ ಹತ್ತಿರದ ಸರ್ಕಾರಿ ಶಾಲೆಗೆ ಕಳಿಸುತ್ತಾರೆ. ವಿದೇಶಿ ಮಕ್ಕಳಿಗೆ ಇಲ್ಲಿ ಶಾಲೆ ಕಡ್ಡಾಯವಲ್ಲ, ಆದರೆ ಸೇರಬೇಕೆಂದರೆ ಜಪಾನಿ ಮಕ್ಕಳಂತೆಯೇ ಫೀಸಿಲ್ಲದೆ ಸೇರಿಸಿಕೊಳ್ಳುತ್ತಾರೆ. ಜಪಾನಿ ಭಾಷೆಯನ್ನು ಬೇರೆಯಾಗಿ ಕಲಿಸಬೇಕಾದ ಸುಮಾರು 69 ಸಾವಿರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿದ್ದಾರೆ ಎಂದು 2023ರ ಸರ್ಕಾರಿ ಸಮೀಕ್ಷೆ ಹೇಳಿತು. ಅದು ಮಕ್ಕಳ ಲೆಕ್ಕ. ಆ ಮಕ್ಕಳ ಅಪ್ಪ ಅಮ್ಮ ಏನನ್ನು ಹೇಗೆ ಓದುತ್ತಾರೆ ಅನ್ನುವುದನ್ನು ನಾನು ನೋಡಬೇಕಿತ್ತು.

ಕೆಲಸ ಶುರುವಾದದ್ದು ಒಪ್ಪಿಗೆ ಪತ್ರದಿಂದ. ಅದನ್ನು ಕನ್ನಡದಲ್ಲೇ ಬರೆದೆ. ಯಾವಾಗ ಬೇಕಾದರೂ ಬೇಡ ಅನ್ನಬಹುದು, ರೆಕಾರ್ಡಿಂಗ್ ಅಳಿಸಿ ಅನ್ನಬಹುದು ಎಂದು ಮೊದಲ ಸಾಲಿನಲ್ಲೇ ಹಾಕಿದೆ. ತಾಯಂದಿರು ತಮ್ಮ ಮನೆಗೆ ಬಂದ ಒತಯೋರಿಗಳನ್ನೇ ತಂದರು. ಶಾಲೆ, ಶಿಕ್ಷಕರು, ಮಕ್ಕಳ ಹೆಸರಿನ ಮೇಲೆ ಕಪ್ಪು ಬಳಿದು ನಕಲು ತೆಗೆದೆವು. ಆಮೇಲೆ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಓದುತ್ತಾ ಓದುತ್ತಾ ತಲೆಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಹೇಳಿ ಎಂದೆ. ಓದಿದ್ದನ್ನು ಕಲಿಯುವವರ ಮಾತೃಭಾಷೆಯಲ್ಲೇ ಹೇಳಿಸುವ ಈ ಕ್ರಮ ಹೊಸದಲ್ಲ. ತಾಚಿಕಾವಾದಲ್ಲಿರುವ ರಾಷ್ಟ್ರೀಯ ಜಪಾನಿ ಭಾಷಾ ಸಂಶೋಧನಾ ಸಂಸ್ಥೆಯ ಓದಿನ ಕಾರ್ಪಸ್, ಅಂದರೆ ಕಲಿಯುವವರ ಓದಿನ ದಾಖಲೆಗಳ ಸಂಗ್ರಹ, ಕೂಡ ಇದೇ ದಾರಿಯಲ್ಲಿ ಆಗಿದೆ. ಅದರ ಗುಣ ಕನ್ನಡದಲ್ಲಿ ಮಾಡಿದಾಗ ಚೆನ್ನಾಗಿ ಗೊತ್ತಾಯಿತು. ಜಪಾನಿಯಲ್ಲಿ ‘ಅರ್ಥವಾಯಿತು’ ಎಂದು ತಲೆಯಾಡಿಸಿ ಮುಗಿಸುವ ಜಾಗದಲ್ಲಿ ಕನ್ನಡದಲ್ಲಿ ‘ಇಲ್ಲಿ ಏನೋ ಶೂ ಅಂತ ಇದೆ, ಒಳಗೆ ಹಾಕ್ಕೊಳ್ಳೋದಿರಬೇಕು, ನಮ್ಮ ಹತ್ರ ಇದೆ ಬಿಡಿ’ ಎಂದು ಯೋಚನೆಯೆಲ್ಲ ಹೊರಗೆ ಬರುತ್ತದೆ.

‘ಅರ್ಥವಾಯಿತಾ?’ ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಕೊನೆಯಲ್ಲಿ ಕೇಳುತ್ತಿದ್ದದ್ದು ಒಂದೇ: ‘ಈಗ ಏನು ಮಾಡ್ತೀರಿ?’ ಏನು ಕೊಳ್ಳುತ್ತೀರಿ, ಎಷ್ಟು ಗಂಟೆಗೆ ಹೋಗುತ್ತೀರಿ, ಯಾರಿಗೆ ಏನು ವಾಪಸ್ ಕಳಿಸುತ್ತೀರಿ, ಮಳೆ ಬಂದರೆ? ಆ ಉತ್ತರವನ್ನು ಕಾಗದದ ಜೊತೆ ಇಟ್ಟು ನೋಡಿದರೆ ಓದು ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ. ರೆಕಾರ್ಡಿಂಗ್‌ಗಳನ್ನು ಎಲಾನ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಬರಹಕ್ಕಿಳಿಸಿದೆ. ಇದು ಬೇಸರದ ಕೆಲಸ ಅನ್ನುತ್ತಾರೆ. ನನಗೆ ಮಾತ್ರ ಇಡೀ ಸಂಶೋಧನೆಯಲ್ಲಿ ತುಂಬಾ ಇಷ್ಟವಾದದ್ದು ಅದೇ. ಮಾತು ಎಲ್ಲಿ ನಿಂತಿತು, ಎಲ್ಲಿ ದನಿ ಇಳಿಯಿತು ಎನ್ನುವುದು ಎರಡನೇ ಸಲ ಕೇಳುವಾಗಲೇ ಕಿವಿಗೆ ಬೀಳುತ್ತದೆ.

ವಾಕ್ಯದ ಕಟ್ಟು ಕನ್ನಡಿಗರಿಗೆ ಕಷ್ಟವೇ ಅಲ್ಲ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ನಂತರ ಬರುತ್ತದೆ. ನಾವು ‘ತಿಂದು ನೋಡು’ ಅನ್ನುವಂತೆಯೇ ಅವರು ‘ತಬೆತೆ ಮಿರು’ ಅನ್ನುತ್ತಾರೆ. ‘ಹೋಗಿ ಬರ್ತೀನಿ’ ಎನ್ನುವುದಕ್ಕೆ ‘ಇತ್ತೆ ಕಿಮಾಸು’. ಹಾಗಾಗಿ ಉದ್ದದ ವಾಕ್ಯವನ್ನೂ ಎಳೆ ತಪ್ಪದೆ ಕೊನೆಯವರೆಗೆ ಓದಿಕೊಂಡು ಹೋಗುತ್ತಾರೆ. ಎಡವುವುದು ಆ ಕೊನೆಯಲ್ಲೇ. ಶಾಲೆ ‘ಬೇಡ’ ಎಂದು ನೇರವಾಗಿ ಬರೆಯುವುದಿಲ್ಲ. ‘ಗಾಡಿಯಲ್ಲಿ ಶಾಲೆಗೆ ಬರುವುದನ್ನು ಗೊಎನ್‌ರ್ಯೊ ಕುದಸಾಯಿ’ ಎಂದು ಬರೆಯುತ್ತದೆ. ಅಂದರೆ ಗಾಡಿ ತರಲೇಬೇಡಿ ಅಂತ. ಒಬ್ಬ ತಾಯಿ ಇದನ್ನು ಓದಿ, ‘ಸಂಕೋಚ ಇಲ್ದೆ ಗಾಡಿ ತನ್ನಿ ಅಂತಿದ್ದಾರೆ, ಅಲ್ವಾ ಮೇಡಂ?’ ಅಂದರು. ಅವರು ಊಹೆ ಮಾಡಿ ಹಾಗೆ ಹೇಳಿದ್ದಲ್ಲ. ‘ಗೊಎನ್‌ರ್ಯೊ ನಕು’, ಅಂದರೆ ಸಂಕೋಚವಿಲ್ಲದೆ, ಎನ್ನುವ ಮಾತು ದಿನನಿತ್ಯ ಕಿವಿಗೆ ಬೀಳುವಂಥದ್ದು. ಕಲಿತದ್ದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದಕ್ಕೇ ಅವರಿಗೆ ತಿರುವುಮುರುವು ಅರ್ಥ ಬಂತು. ಇಂಥ ಓದನ್ನು ‘ತಪ್ಪು’ ಎಂದು ಗುರುತು ಹಾಕಿ ಮುಂದೆ ಹೋಗುವುದು ನನಗೆ ಅನ್ಯಾಯ ಅನ್ನಿಸಿತು. ಅದಕ್ಕೇ ಪ್ರತಿ ಎಡವಟ್ಟಿನ ಪಕ್ಕದಲ್ಲಿ ‘ಇದು ಓದುವವರ ಕಡೆಯದೋ, ಬರೆಯುವವರ ಕಡೆಯದೋ’ ಎಂದು ಒಂದು ಕಾಲಂ ಮಾಡಿದೆ. ಅದರಲ್ಲಿ ‘ಬರೆಯುವವರ ಕಡೆ’ ಎನ್ನುವುದೇ ಬೇಗ ಬೇಗ ತುಂಬುತ್ತಾ ಹೋಯಿತು.

ಫೋನಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ, ಎಲ್ಲರೂ ಬಳಸುತ್ತಾರೆ, ಬಳಸಬೇಕು ಕೂಡ. ಆದರೆ ಫೋನು ‘ಹೊಸ ಚಿಗುರಿನ ಈ ಕಾಲದಲ್ಲಿ ಪೋಷಕರೆಲ್ಲರೂ ಕ್ಷೇಮವೆಂದು ಭಾವಿಸುತ್ತೇವೆ’ ಎನ್ನುವ ಒಕ್ಕಣೆಯನ್ನೂ ‘ಶುಕ್ರವಾರದೊಳಗೆ ಚೀಟಿ ವಾಪಸ್ ಕೊಡಿ’ ಎನ್ನುವುದನ್ನೂ ಒಂದೇ ಸಮ ತಿರುಗಿಸಿ ಕೊಡುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ಹೇಳುವುದಿಲ್ಲ. ಇನ್ನು ಕಾಗದದಲ್ಲಿ ಇಲ್ಲದೇ ಇರುವುದನ್ನು ಫೋನು ಎಲ್ಲಿಂದ ತರುತ್ತದೆ? ಪಿಕ್ನಿಕ್‌ನ ಒತಯೋರಿಯಲ್ಲಿ ‘ಮಳೆ ಬಂದರೂ ಊಟದ ಡಬ್ಬಿ ತರಬೇಕು’ ಎಂದಿತ್ತು. ಪಿಕ್ನಿಕ್ ಮುಂದಕ್ಕೆ ಹೋದರೆ ಶಾಲೆಯಲ್ಲೇ ಊಟ ಸಿಗುತ್ತದಲ್ಲ, ಡಬ್ಬಿ ಯಾಕೆ ಎಂದು ಓದಿದವರೆಲ್ಲ ಅಲ್ಲಿ ನಿಂತರು. ಕೆಲವರು ‘ಪ್ರಿಂಟ್ ತಪ್ಪಿರಬೇಕು’ ಅಂದರು. ಆ ದಿನದ ಊಟವನ್ನು ಶಾಲೆ ಮೊದಲೇ ನಿಲ್ಲಿಸಿರುತ್ತದೆ. ಜಪಾನಿ ಪೋಷಕರಿಗೆ ಇದು ಚಿಕ್ಕಂದಿನಿಂದ ಗೊತ್ತು, ಹಾಗಾಗಿ ಯಾರೂ ಬರೆಯುವುದಿಲ್ಲ.

ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೊಟ್ಟುಬಿಟ್ಟರೆ? ನಮ್ಮವರಿಗೆ ಸಾಕು, ಎಲ್ಲರಿಗೂ ಸಾಲದು. 2024ರ ಕೊನೆಗೆ ಜಪಾನಿನಲ್ಲಿದ್ದ ವಿದೇಶಿಯರು ಸುಮಾರು 37.7 ಲಕ್ಷ. ಚೀನಾ, ವಿಯೆಟ್ನಾಂ, ಕೊರಿಯಾ, ಫಿಲಿಪೀನ್ಸ್, ನೇಪಾಳ, ಬ್ರೆಜಿಲ್, ಹೀಗೆ ಎಲ್ಲ ಕಡೆಯವರು. ತಾಚಿಕಾವಾದ ಆ ಸಂಸ್ಥೆಯೇ ಹಿಂದೆ ನಡೆಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಇಂಗ್ಲಿಷ್ ಬರುತ್ತದೆ ಎಂದ ವಿದೇಶಿಯರು ನೂರಕ್ಕೆ 44, ಜಪಾನಿ ಬರುತ್ತದೆ ಎಂದವರು ನೂರಕ್ಕೆ 62ಕ್ಕೂ ಜಾಸ್ತಿ. ಅದಕ್ಕೇ ನಾನು ಯಸಾಶೀ ನಿಹೊಂಗೊ, ಅಂದರೆ ಸರಳ ಜಪಾನಿಯ ಕಡೆ ಹೋದೆ. ಇದು ಹುಟ್ಟಿದ್ದು ಕಷ್ಟಕಾಲದಲ್ಲಿ. 1995ರ ಜನವರಿ 17ರಂದು ಕೋಬೆಯ ಕಡೆ ಆದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ನೀರು ಎಲ್ಲಿ, ಆಸರೆ ಎಲ್ಲಿ ಎನ್ನುವ ಸುದ್ದಿ ವಿದೇಶಿಯರಿಗೆ ಮುಟ್ಟಲಿಲ್ಲ. ಆಮೇಲೆ ಹಿರೊಸಾಕಿ ವಿಶ್ವವಿದ್ಯಾಲಯದ ಸಾತೋ ಕಾಜುಯುಕಿ ಮತ್ತು ಜೊತೆಗಾರರು ವಿಪತ್ತಿನ ಸಮಯಕ್ಕೆಂದು ಸುಲಭದ ಜಪಾನಿಯನ್ನು ರೂಪಿಸಿದರು. ಹಿತೊತ್ಸುಬಾಶಿ ವಿಶ್ವವಿದ್ಯಾಲಯದ ಇಓರಿ ಇಸಾವೊ ಅಂಥವರು ಅದನ್ನು ದಿನದ ಬದುಕಿಗೂ ತಂದರು. 2020ರ ಆಗಸ್ಟ್‌ನಲ್ಲಿ ಸರ್ಕಾರವೇ ಮಾರ್ಗಸೂಚಿ ಹೊರಡಿಸಿತು: ಒಂದು ವಾಕ್ಯಕ್ಕೆ ಒಂದೇ ವಿಷಯ, ಸುತ್ತುಬಳಸು ಬೇಡ, ಕಾಂಜಿ ಲಿಪಿಯ ಅಕ್ಷರಗಳ ಮೇಲೆ ಓದುವ ಬಗೆ ತೋರಿಸುವ ಫುರಿಗಾನಾ ಇರಲಿ.

ಆ ಸೂತ್ರ ಹಿಡಿದು ಒತಯೋರಿಗಳನ್ನು ಹೊಸದಾಗಿ ಬರೆದೆ. ಪದಗಳು ಯಾವ ಹಂತದವು ಎಂದು ರೀಡಿಂಗ್ ಚೂತಾ ಎಂಬ ಜಾಲತಾಣದಲ್ಲಿ, ಇಡೀ ಬರಹ ಎಷ್ಟು ಕಷ್ಟ ಎಂದು ಜೆರೀಡಬಿಲಿಟಿ ಎಂಬ ಇನ್ನೊಂದರಲ್ಲಿ ಹಾಕಿ ನೋಡುತ್ತಿದ್ದೆ. ಎರಡೂ ಉಚಿತ. ಇವು ಪದ, ವಾಕ್ಯ ಅಳೆಯುತ್ತವೆ ಅಷ್ಟೆ. ಡಬ್ಬಿಯ ವಿಷಯ ಇವುಗಳಿಗೆ ಕಾಣುವುದಿಲ್ಲ. ಅದಕ್ಕೆ ‘ಆ ದಿನ ಶಾಲೆಯಲ್ಲಿ ಊಟ ಇಲ್ಲ. ಮಳೆ ಬಂದರೂ ಇಲ್ಲ. ಡಬ್ಬಿ ತನ್ನಿ’ ಎಂದು ಮೂರು ಪುಟ್ಟ ವಾಕ್ಯ ನಾನೇ ಸೇರಿಸಿದೆ. ಸರಳ ಮಾಡುವುದು ಎಂದರೆ ಕತ್ತರಿಸುವುದು ಎಂದುಕೊಳ್ಳುತ್ತಾರೆ. ಎಷ್ಟೋ ಕಡೆ ಸೇರಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಸಿಕ್ಕ ಮುಖ್ಯ ಸಂಗತಿ ಇದು.

ಶಿಕ್ಷಕರ ಜೊತೆಗಿನ ಮಾತೇ ಇಡೀ ಕೆಲಸದಲ್ಲಿ ಹೆಚ್ಚು ಸೂಕ್ಷ್ಮದ್ದು. ‘ತರಬೇಡಿ’ ಎಂದು ನೇರ ಬರೆದರೆ ಜಪಾನಿ ಪೋಷಕರಿಗೆ ಒರಟು ಅನ್ನಿಸುತ್ತದೆ ಎಂಬ ಅಂಜಿಕೆ ಅವರದು. ಅದು ಸುಮ್ನೆ ನೆಪವಲ್ಲ. ಶಾಲೆ ಮತ್ತು ಮನೆಯ ನಡುವಿನ ಗೌರವ ಆ ಒಕ್ಕಣೆಯ ಮೇಲೆಯೇ ನಿಂತಿದೆ. ಅದನ್ನು ಕಿತ್ತುಹಾಕಿ ಎಂದು ಹೇಳುವ ಹಕ್ಕು ನನಗಿರಲಿಲ್ಲ. ಕೂತು ಮಾತಾಡಿದಾಗ ಒಂದು ದಾರಿ ಸಿಕ್ಕಿತು. ಕಾಗದ ಇದ್ದಂತೆಯೇ ಇರಲಿ, ಆದರೆ ಮೇಲ್ಗಡೆ ಒಂದು ಚೌಕ ಹಾಕೋಣ. ಏನು, ಯಾವಾಗ, ಎಲ್ಲಿ, ಏನು ತರಬೇಕು, ಯಾವಾಗಿನೊಳಗೆ ಉತ್ತರ, ಇಷ್ಟೇ, ಫುರಿಗಾನಾ ಸಮೇತ. ಆ ಚೌಕವಿದ್ದ ಕಾಗದ ಕೊಟ್ಟು ಮತ್ತೆ ‘ಈಗ ಏನು ಮಾಡ್ತೀರಿ?’ ಎಂದು ಕೇಳಿದಾಗ ತಾಯಂದಿರ ಕಣ್ಣು ನೇರ ಅಲ್ಲಿಗೇ ಹೋಯಿತು. ಕೆಲಸಕ್ಕೆ ಹೋಗುವ ಜಪಾನಿ ತಾಯಂದಿರೂ ಮೊದಲು ಅದನ್ನೇ ನೋಡುತ್ತಾರೆ ಎಂದು ಒಬ್ಬ ಶಿಕ್ಷಕಿ ಆಮೇಲೆ ಹೇಳಿದರು.

ಈಗ ಅದೇ ತಾಯಂದಿರ ಜೊತೆ ರೆನ್‌ರಕುಚೋ ಮೇಲೆ ಕೆಲಸ ನಡೆದಿದೆ. ಮನೆಯವರು ಶಿಕ್ಷಕರಿಗೆ ಬರೆದು ಕಳಿಸುವ ಪುಸ್ತಕ ಅದು. ‘ಮಗುವಿಗೆ ಜ್ವರ, ಇವತ್ತು ಬರುವುದಿಲ್ಲ’ ಎಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಬರೆಯುವ ಎರಡು ಸಾಲನ್ನು ಅವರು ಹೇಗೆ ಕಟ್ಟುತ್ತಾರೆ, ಅದಕ್ಕೆ ಶಿಕ್ಷಕರು ಏನು ಉತ್ತರ ಬರೆಯುತ್ತಾರೆ ಎಂದು ಒಟ್ಟುಮಾಡುತ್ತಿದ್ದೇನೆ. ಒಪ್ಪಿಗೆ ಪತ್ರ ಈ ಸಲ ಎರಡು ಕಡೆಯವರಿಂದಲೂ ಬೇಕು. ಶಿಕ್ಷಕರದ್ದನ್ನು ಜಪಾನಿಯಲ್ಲಿ ಬರೆದಿದ್ದೇನೆ, ಅದರ ಮೇಲೂ ಒಂದು ಚೌಕ ಹಾಕಿದ್ದೇನೆ.