ಎಚ್. ಪೈಲೋರಿ ಮತ್ತೆ ಬಂತೇ? ಮೊದಲು ಹೋಗಿತ್ತೇ ಎಂದು ನೋಡಿ

ಜಠರದಲ್ಲಿ ನೆಲೆಸುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೋಗಲೆಂದು ಹದಿನಾಲ್ಕು ದಿನ ಮಾತ್ರೆ ನುಂಗಿ, ಎರಡು ತಿಂಗಳು ಆರಾಮಾಗಿದ್ದು, ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಹುಳಿತೇಗು, ಮೇಲುಹೊಟ್ಟೆಯಲ್ಲಿ ಉರಿ. ಸೋಂಕು ಮರಳಿ ಬಂತು ಅಂದುಕೊಳ್ಳುತ್ತೇವೆ. ಆದರೆ ಚಿಕಿತ್ಸೆ ಮುಗಿದ ಒಂದು ವರ್ಷದೊಳಗೆ ಸಿಗುವ ಎಚ್. ಪೈಲೋರಿ ಹೆಚ್ಚಾಗಿ ಹಳೆಯದೇ. ಔಷಧಕ್ಕೆ ಪೂರ್ತಿ ಸಾಯದೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆದಿರುತ್ತದೆ. ಹೊರಗಿನಿಂದ ಹೊಸದಾಗಿ ಅಂಟುವುದೂ ಉಂಟು, ದೊಡ್ಡವರಲ್ಲಿ ಅದು ಕಡಿಮೆ. ಇನ್ನು ಕೆಲವರಲ್ಲಿ ಉರಿ ಇರುತ್ತದೆ, ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಲಕ್ಷಣ ನೋಡಿ ಈ ಮೂರನ್ನು ಬೇರೆ ಮಾಡಲು ಯಾವ ಡಾಕ್ಟರಿಗೂ ಆಗದು. ಅದಕ್ಕೆ ಪರೀಕ್ಷೆಯೇ ಬೇಕು, ಅದೂ ಸರಿಯಾದ ದಿನ, ಸರಿಯಾದ ರೀತಿಯಲ್ಲಿ.

ಇದಕ್ಕೆ ಇಷ್ಟು ಹಟ ಏಕೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲ ಗುಂಪಿಗೆ ಸೇರಿಸಿದೆ. ಸೋಂಕು ತಗಲಿದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಬರುವವರಲ್ಲಿ ದಾರಿ ಮಾತ್ರ ನಿಧಾನದ್ದು: ವರ್ಷಗಟ್ಟಲೆ ಉರಿಯೂತ, ನಂತರ ಜಠರದ ಒಳಪದರ ತೆಳುವಾಗುವುದು, ಆಮೇಲೆ ಆ ಪದರ ಕರುಳಿನ ಪದರದಂತೆ ಬದಲಾಗುವುದು, ಕೊನೆಗೆ ಗಡ್ಡೆ. ಮೊದಲ ಹಂತದಲ್ಲೇ ಸೋಂಕು ತೆಗೆದರೆ ಲಾಭ ಹೆಚ್ಚು. ಪದರ ಬದಲಾದ ಮೇಲೆ ತೆಗೆದರೂ ಅಪಾಯ ಇಳಿಯುತ್ತದೆ, ಸೊನ್ನೆಯಾಗದು.

ಗುಣವಾಯಿತೇ ಎಂದು ನೋಡುವ ಪರೀಕ್ಷೆ

ಆಂಟಿಬಯೋಟಿಕ್‌ನ ಕೊನೆಯ ಮಾತ್ರೆ ನುಂಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಕನಿಷ್ಠ 4 ವಾರ ಬಿಡಬೇಕು, 6ರಿಂದ 8 ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಈ ನಡುವೆ ಜ್ವರಕ್ಕೋ ಹಲ್ಲುನೋವಿಗೋ ಬೇರೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಎಣಿಕೆ ಮತ್ತೆ ಮೊದಲಿನಿಂದ. ಪರೀಕ್ಷೆಗೆ 2 ವಾರ ಮೊದಲೇ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಜಾತಿಯ, ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ ಹಾಗೂ ಅದೇ ಕೆಲಸದ ವೊನೊಪ್ರಜಾನ್ ನಿಲ್ಲಿಸಬೇಕು. ಎಡವುವುದು ಇಲ್ಲೇ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಈ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ ಅಷ್ಟೆ. ವರದಿ 'ನೆಗೆಟಿವ್' ಎಂದು ಬರುತ್ತದೆ, ಸೋಂಕು ಒಳಗೇ ಇರುತ್ತದೆ. ಆ ಎರಡು ವಾರ ಉರಿ ತಡೆಯದಿದ್ದರೆ ಡೈಜೀನ್‌ನಂಥ ಜೆಲ್ ಸಾಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆದವರು ಗ್ಯಾಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು.

ಪರೀಕ್ಷೆ ಎರಡು ಬಗೆ. ಒಂದು ಉಸಿರಿನ ಯೂರಿಯಾ ಪರೀಕ್ಷೆ: ಖಾಲಿ ಹೊಟ್ಟೆಯಲ್ಲಿ ಹೋಗಿ, ಒಂದು ಚೀಲಕ್ಕೆ ಊದಿ, ಯೂರಿಯಾ ಬೆರೆಸಿದ ನೀರು ಕುಡಿದು, ಸುಮಾರು ಅರ್ಧ ಗಂಟೆ ಬಿಟ್ಟು ಮತ್ತೆ ಊದುವುದು. ಅಂದು ಬೆಳಿಗ್ಗೆ ಕವಳ (ಎಲೆಯಡಿಕೆ), ಬೀಡಿ ಬೇಡ. ಇದು ಎಲ್ಲ ಊರಲ್ಲಿ ಸಿಗುವುದಿಲ್ಲ. ಇನ್ನೊಂದು ಮಲದ ಆ್ಯಂಟಿಜೆನ್ ಪರೀಕ್ಷೆ, ಅಂದರೆ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವುದು. ಮಾದರಿಯನ್ನು ಲ್ಯಾಬಿನವರು ಕೊಟ್ಟ ಒಣ ಡಬ್ಬಿಯಲ್ಲೇ ಹಿಡಿಯಬೇಕು, ಮೂತ್ರವಾಗಲೀ ಕಮೋಡಿನ ನೀರಾಗಲೀ ಸೇರಬಾರದು. ಸಿರಸಿ, ಸಿದ್ದಾಪುರದ ಒಳಹಳ್ಳಿಯಿಂದ ಬರುವವರು ಬೆಳಗಿನ ಮೊದಲ ಬಸ್ಸಿಗೇ ಹೊರಟು ಅಂದೇ ಕೊಡುವುದು ಕ್ಷೇಮ. ಭೇದಿಯಾಗುತ್ತಿರುವಾಗ ಕೊಟ್ಟರೆ ಫಲಿತಾಂಶ ನಂಬಲಾಗದು, ಹೊಟ್ಟೆ ಸರಿಹೋಗುವವರೆಗೆ ಕಾಯಿರಿ.

ರಕ್ತದ ಪರೀಕ್ಷೆ ಇದಕ್ಕೆ ಬೇಡ. ಅದು ತೋರಿಸುವುದು ಬ್ಯಾಕ್ಟೀರಿಯಾದ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು, ಅವು ಬ್ಯಾಕ್ಟೀರಿಯಾ ಹೋದ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತವೆ. ಗುಣವಾದವರಿಗೂ 'ಪಾಸಿಟಿವ್' ಎಂದು ಬಂದು, ಬೇಡದ ಎರಡನೇ ಕೋರ್ಸು ನುಂಗಿಸುವ ದಾರಿ ಇದು.

ಎರಡನೇ ಕೋರ್ಸು

ಪರೀಕ್ಷೆಯಲ್ಲಿ ಸೋಂಕು ಉಳಿದಿದೆ ಎಂದು ಬಂದರೆ ಮೊದಲ ಕೋರ್ಸಿನ ಚೀಟಿ, ಖಾಲಿ ಸ್ಟ್ರಿಪ್ ಹಿಡಿದೇ ಡಾಕ್ಟರ ಹತ್ತಿರ ಹೋಗಿ. ಒಮ್ಮೆ ಸೋತ ಕ್ಲಾರಿಥ್ರೊಮೈಸಿನ್ ಅಥವಾ ಲಿವೊಫ್ಲಾಕ್ಸಸಿನ್ ಎರಡನೇ ಸಲ ಕೊಡುವಂಥದ್ದಲ್ಲ. ಉಳಿದ ಬ್ಯಾಕ್ಟೀರಿಯಾ ಅದನ್ನು ಎದುರಿಸಲು ಕಲಿತಿರುತ್ತದೆ. ಹಿಂದೆ ಗಂಟಲುನೋವಿಗೆ ಅಜಿತ್ರೊಮೈಸಿನ್ ಪದೇ ಪದೇ ನುಂಗಿದ್ದರೆ ಅದನ್ನೂ ಹೇಳಿ, ಅದು ಕ್ಲಾರಿಥ್ರೊಮೈಸಿನ್‌ನ ದಾಯಾದಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಬಾಯಿಬಿಡಿ.

ಹೆಚ್ಚಾಗಿ ಬರೆಯುವುದು ನಾಲ್ಕು ಔಷಧಗಳ ಕೂಟ, 14 ದಿನ: ಗ್ಯಾಸ್ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಟೆಟ್ರಾಸೈಕ್ಲಿನ್ ಸಿಗಲಿಲ್ಲವೆಂದು ಅಂಗಡಿಯವರು ಡಾಕ್ಸಿಸೈಕ್ಲಿನ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಹೆಸರಿನ ತುದಿ ಒಂದೇ ಇದ್ದರೂ ಈ ಕೆಲಸದಲ್ಲಿ ಅದು ಅಷ್ಟು ಗಟ್ಟಿಯಲ್ಲ. ಗರ್ಭಿಣಿಯರಿಗೆ ಟೆಟ್ರಾಸೈಕ್ಲಿನ್ ಸಲ್ಲದು.

ಈ ಕೋರ್ಸು ಕೆಡುವುದು ನಮ್ಮ ಊಟದ ತಟ್ಟೆಯಲ್ಲಿ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಂಡುಬಿಡುತ್ತದೆ, ಮೈಗೆ ಹತ್ತುವುದಿಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಮೇಲೊಂದು ಮಜ್ಜಿಗೆ ಅನ್ನ, ಅದರ ಮೇಲೆ ಮಾತ್ರೆ ಎಂದರೆ ಅರ್ಧ ಔಷಧ ವ್ಯರ್ಥ. ಹಾಲು, ಮೊಸರು, ಕಬ್ಬಿಣದ ಮಾತ್ರೆ, ಜೆಲ್ ಇವುಗಳಿಗೂ ಟೆಟ್ರಾಸೈಕ್ಲಿನ್‌ಗೂ ನಡುವೆ 2 ಗಂಟೆ ಅಂತರ ಇರಲಿ. ಕವಳದ ಸುಣ್ಣವೂ ಕ್ಯಾಲ್ಸಿಯಂ ಎಂಬುದನ್ನು ಮರೆಯಬೇಡಿ, ಊಟ, ಮಾತ್ರೆ, ಕೂಡಲೇ ಕವಳ ಎನ್ನುವ ರೂಢಿ ಆ ಎರಡು ವಾರ ನಿಲ್ಲಲಿ.

ದಿನ ಹೀಗೆ ಹೊಂದಿಸಬಹುದು. ಬೆಳಿಗ್ಗೆ 7ಕ್ಕೆ ಗ್ಯಾಸ್ ಮಾತ್ರೆ. ಅರ್ಧ ಗಂಟೆ ಬಿಟ್ಟು ದೋಸೆ ತಿಂದು ಉಳಿದ ಮೂರೂ. ಹಾಲು ಹಾಕಿದ ಚಹಾ, ಕಷಾಯ 10 ಗಂಟೆಗೆ. ಮಧ್ಯಾಹ್ನ 1ಕ್ಕೆ ಸಾರು ಅನ್ನ ಉಂಡು ಅವೇ ಮೂರು, ಮಜ್ಜಿಗೆಯನ್ನು 4 ಗಂಟೆಗೆ ಕುಡಿಯಿರಿ. ಸಂಜೆ 7:30ಕ್ಕೆ ಮತ್ತೆ ಗ್ಯಾಸ್ ಮಾತ್ರೆ, 8ಕ್ಕೆ ಊಟವಾಗಿ ಮೂರೂ. ನಾಲ್ಕನೇ ಸಲದ ಬಿಸ್ಮತ್, ಟೆಟ್ರಾಸೈಕ್ಲಿನ್ ಮಲಗುವ ಮುಂಚೆ, ಒಂದು ದೊಡ್ಡ ಲೋಟ ನೀರಿನ ಜೊತೆ. ನುಂಗಿ ಅರ್ಧ ಗಂಟೆ ಕೂತಿರಬೇಕು, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಸುಡುತ್ತದೆ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ.

ಬಿಸ್ಮತ್‌ನಿಂದ ಮಲ, ನಾಲಿಗೆ ಕಪ್ಪಾಗುತ್ತವೆ, ಹೆದರಬೇಡಿ. ಮೆಟ್ರೊನಿಡಜೋಲ್‌ನಿಂದ ಬಾಯಲ್ಲಿ ತಾಮ್ರ ನೆಕ್ಕಿದ ರುಚಿ, ಓಕರಿಕೆ. ಆ ದಿನಗಳಲ್ಲೂ ಮುಗಿದ ಮೇಲೆ ಮೂರು ದಿನವೂ ಮದ್ಯ ಬೇಡ. ಟೆಟ್ರಾಸೈಕ್ಲಿನ್ ಬಿಸಿಲಿಗೆ ಮೈ ಸುಡಿಸುತ್ತದೆ, ದೋಣಿಗೆ, ಗದ್ದೆಗೆ ಹೋಗುವವರು ತುಂಬುತೋಳಿನ ಅಂಗಿ, ಟೊಪ್ಪಿ ಹಾಕಲಿ. ಐದನೇ ದಿನಕ್ಕೆ ಉರಿ ನಿಂತಿತೆಂದು ಮಾತ್ರೆ ಬಿಡುವವರು ಬಹಳ. ಹೀಗೆ ಬಿಟ್ಟವರೇ ಮೂರನೇ ಕೋರ್ಸಿಗೆ ಬರುತ್ತಾರೆ. ಓಕರಿಕೆ ತಡೆಯಲಾಗದಿದ್ದರೆ ಬಿಡುವ ಮೊದಲು ಡಾಕ್ಟರಿಗೆ ಹೇಳಿ.

ಮನೆಯೊಳಗೆ

ಈ ಸೋಂಕು ಅಂಟುವುದು ಮುಖ್ಯವಾಗಿ ಬಾಲ್ಯದಲ್ಲಿ, ಮನೆಯವರಿಂದಲೇ: ಎಂಜಲು, ವಾಂತಿ, ಮಲ ತಾಗಿದ ಕೈ. ತುತ್ತನ್ನು ಅಗಿದು ಮಗುವಿಗೆ ಉಣಿಸುವುದು ಬೇಡ. ಚಿರೆಕಲ್ಲಿನ ನೆಲದಲ್ಲಿ ಶೌಚದ ಗುಂಡಿಯ ನೀರು ಬಾವಿಗೆ ಸುಲಭವಾಗಿ ಇಳಿಯುತ್ತದೆ, ಮಳೆಗಾಲದಲ್ಲಂತೂ ಕುಡಿಯುವ ನೀರು ಕೊತಕೊತ ಕುದಿಯಲಿ. ಗುಣವಾಗಿ ವರ್ಷದ ಮೇಲೆ ಮತ್ತೆ ಪಾಸಿಟಿವ್ ಬಂದರೆ ಜೊತೆಗಿರುವ ದೊಡ್ಡವರನ್ನೂ ಪರೀಕ್ಷಿಸಿ.

ಉಪ್ಪಿನ ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಕಷ್ಟದ್ದು, ಆದರೂ ಹೇಳಲೇಬೇಕು. ಹೆಚ್ಚು ಉಪ್ಪು ಜಠರದ ಪದರವನ್ನು ಕೆರೆಯುತ್ತದೆ, ಬ್ಯಾಕ್ಟೀರಿಯಾ ಇದ್ದಲ್ಲಿ ಹಾನಿ ಇನ್ನೂ ಹೆಚ್ಚುತ್ತದೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀಚಮಚ. ಒಣಮೀನನ್ನು ಅರ್ಧ ಗಂಟೆ ನೆನೆಸಿ ಆ ನೀರು ಚೆಲ್ಲಿ, ಮತ್ತೊಮ್ಮೆ ನೆನೆಸಿ. ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಉಪ್ಪುಸೊಳೆಗೂ ಇದೇ. ಅಪ್ಪೆಮಿಡಿ ಉಪ್ಪಿನಕಾಯಿ ವಾರಕ್ಕೆರಡು ಸಲ ಸಾಕು, ರಸ ಅನ್ನಕ್ಕೆ ಕಲಸುವುದು ಬೇಡ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕಾದದ್ದು.

ಎಂಡೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರ ನೋಡುವುದು) ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುವುದಾದರೆ ಒಂದು ಮಾತು ಕೇಳಿ: ಜಠರದ ಕೆಳಭಾಗದಿಂದ ಎರಡು, ತಿರುವಿನಿಂದ ಒಂದು, ಮೇಲ್ಭಾಗದಿಂದ ಎರಡು, ಹೀಗೆ ಐದು ಚೂರು ತೆಗೆದು ಬೇರೆ ಬೇರೆ ಬಾಟಲಿಯಲ್ಲಿ ಕಳಿಸುತ್ತೀರಾ ಎಂದು. ಪದರದ ಬದಲಾವಣೆ ಎಷ್ಟು ಹರಡಿದೆ ಎಂಬುದು ಆಗಲೇ ಗೊತ್ತಾಗುವುದು. ವ್ಯಾಪಕವಾಗಿ ಹರಡಿದ್ದರೆ ಸೋಂಕು ಹೋದ ಮೇಲೂ 3 ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಆಗಿದ್ದರೆ ಇನ್ನೂ ಬೇಗ. ಅಂಥ ಮನೆಯ ವಯಸ್ಕರು ಉರಿ ಇಲ್ಲದಿದ್ದರೂ ಎಚ್. ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಾರಣವಿಲ್ಲದೆ ತೂಕ ಇಳಿಯುವುದು, ತುತ್ತು ಇಳಿಯದಿರುವುದು, ಪದೇ ಪದೇ ವಾಂತಿ, ರಕ್ತಹೀನತೆ ಇದ್ದವರು ಮಲದ ಪರೀಕ್ಷೆಗೆ ಕಾಯದೆ ನೇರ ಎಂಡೋಸ್ಕೋಪಿಗೆ ಹೋಗಿ. ರಕ್ತವಾಂತಿ, ಅಥವಾ ಬಿಸ್ಮತ್ತೂ ಕಬ್ಬಿಣದ ಮಾತ್ರೆಯೂ ಇಲ್ಲದೆ ಡಾಂಬರಿನಂತೆ ಕಪ್ಪು ಮಲ ಕಂಡರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ.