ಹೊಲದಲ್ಲೊಂದು ಮದುವೆ: ಅಂತರಗಳನ್ನು ಅಳೆದ ನನ್ನ ಅನುಭವ

ತಂಗಿಯ ಮದುವೆಯನ್ನು ಸಭಾಂಗಣದ ಬದಲು ಹಳ್ಳಿಯ ಹೊರಗಿರುವ ಪರಿಚಿತರೊಬ್ಬರ ಹೊಲದಲ್ಲಿ ನಡೆಸುವುದೆಂದು ಮನೆಯಲ್ಲಿ ನಿರ್ಧಾರವಾದ ಮೇಲೆ ಏರ್ಪಾಟಿನ ಹೊಣೆ ನನ್ನ ಪಾಲಿಗೆ ಬಂತು. ಸುಮಾರು 300 ಅತಿಥಿಗಳು, ಫೆಬ್ರವರಿಯ ಸಂಜೆಯ ಸಮಾರಂಭ, ಅನಂತರ ರಾತ್ರಿಯ ಊಟ. ಹೂವು, ಬಟ್ಟೆಯ ಅಲಂಕಾರ, ದೀಪದ ಸರಗಳ ಬಗ್ಗೆ ಸಲಹೆ ಕೊಡುವವರಿಗೆ ಕೊರತೆ ಇರಲಿಲ್ಲ. ನನ್ನ ಸಮಯದ ಬಹುಪಾಲು ಮಾತ್ರ ಟೇಪು ಹಿಡಿದು ಅಂತರ ಅಳೆಯುವುದರಲ್ಲೇ ಹೋಯಿತು. ವಾಹನ ನಿಲ್ಲುವ ಜಾಗದಿಂದ ಕುರ್ಚಿಗೆ ಎಷ್ಟು ದೂರ, ಜನರೇಟರಿನಿಂದ ವೇದಿಕೆಗೆ ಎಷ್ಟು, ಅಡುಗೆಯಿಂದ ಊಟದ ಮೇಜಿಗೆ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಉಳಿದ ನಿರ್ಧಾರಗಳು ತಾವಾಗಿಯೇ ಕೂಡಿಬಂದವು.

ಮೊದಲು ಜಾಗದ ಲೆಕ್ಕ. ಸಾಲು ಕುರ್ಚಿಗಳಿಗೆ, ನಡುವಿನ ಓಡಾಟದ ದಾರಿಯೂ ಸೇರಿ, ಒಬ್ಬರಿಗೆ 0.8 ಚದರ ಮೀಟರ್ ಎಂದು ಹಿಡಿದರೆ 300 ಜನರಿಗೆ 240 ಚದರ ಮೀಟರ್ ಸಾಕು. ಮೇಜು ಹಾಕಿ ಊಟ ಬಡಿಸುವುದಾದರೆ ಅದರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಆದರೆ ನಾಲ್ವರಿಗೆ ಒಂದರಂತೆ 75 ಕಾರುಗಳು ಬಂದರೆ, ತಿರುಗಿಸುವ ದಾರಿಯೂ ಸೇರಿ ಒಂದಕ್ಕೆ 25 ಚದರ ಮೀಟರಿನಂತೆ, ಅವಕ್ಕೇ ಅರ್ಧ ಎಕರೆಯ ಸಮೀಪ ನೆಲ ಬೇಕಾಗುತ್ತದೆ. ಮದುವೆಗಿಂತ ವಾಹನಗಳೇ ಹೆಚ್ಚು ಜಾಗ ತಿನ್ನುತ್ತವೆ ಎಂಬುದು ಕಾಗದದ ಮೇಲೆ ಬರೆದಾಗಲೇ ಕಾಣುವುದು. ಆದ್ದರಿಂದ ಗಟ್ಟಿ ನೆಲವಿರುವ, ರಸ್ತೆಗೆ ಹತ್ತಿರದ ತುಂಡನ್ನು ಮೊದಲು ವಾಹನಗಳಿಗೆ ಬಿಟ್ಟು, ಉಳಿದದ್ದರಲ್ಲಿ ಸಮಾರಂಭವನ್ನು ಕೂರಿಸಿದೆ. ಹಿರಿಯರು ಏರಿಳಿತದ ನೆಲದಲ್ಲಿ ದೂರ ನಡೆಯಲಾರರಾದ ಕಾರಣ, ಅವರನ್ನು ಕುರ್ಚಿಯ ಹತ್ತಿರವೇ ಇಳಿಸಿ ಖಾಲಿ ವಾಹನ ಹಿಂದಿರುಗುವಂತೆ ಪ್ರತ್ಯೇಕ ದಾರಿಯೊಂದನ್ನು ಗುರುತಿಸಿದೆ. ಈ ದಾರಿಯನ್ನು ತುರ್ತು ವಾಹನಕ್ಕೂ ಸದಾ ತೆರವಾಗಿ ಇಡಬೇಕೆಂದು ಸಂಚಾರ ನೋಡಿಕೊಳ್ಳುವವರಿಗೆ ಮೊದಲೇ ಹೇಳಿದ್ದೆ.

ವೇದಿಕೆ ಯಾವ ಕಡೆ ಮುಖ ಮಾಡಬೇಕೆಂಬುದು ಸೂರ್ಯನನ್ನು ಕೇಳಿ ತೀರ್ಮಾನಿಸುವ ವಿಷಯ. ಸಂಜೆಯ ಬಿಸಿಲು ಅತಿಥಿಗಳ ಕಣ್ಣಿಗೆ ಹೊಡೆಯಬಾರದು, ವಧೂವರರೂ ಕಣ್ಣು ಕಿರಿದಾಗಿಸಿ ನಿಲ್ಲಬಾರದು. ಹಾಗಾದರೆ ಬೆಳಕು ಇಬ್ಬರಿಗೂ ಪಕ್ಕದಿಂದ ಬೀಳಬೇಕು. ಮದುವೆ ಇನ್ನೂ ತಿಂಗಳುಗಳ ದೂರವಿರುವಾಗ ಇದನ್ನು ಪರೀಕ್ಷಿಸುವುದು ಹೇಗೆ? ಅಯನ ಸಂಕ್ರಾಂತಿಯ, ಅಂದರೆ ಡಿಸೆಂಬರ್ 21ರ ಸುಮಾರಿಗೆ ಬರುವ ವರ್ಷದ ಅತಿ ಚಿಕ್ಕ ಹಗಲಿನ, ದಿನದಿಂದ ಹಿಂದಕ್ಕೂ ಮುಂದಕ್ಕೂ ಸಮಾನ ದೂರದಲ್ಲಿರುವ ಎರಡು ದಿನಗಳಲ್ಲಿ ಸೂರ್ಯನ ಪಥ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಫೆಬ್ರವರಿ 19ರ ಸುಮಾರಿನ ಬಿಸಿಲನ್ನು ಹಿಂದಿನ ಅಕ್ಟೋಬರ್ 23ರ ಸುಮಾರಿಗೇ ಹೊಲದಲ್ಲಿ ನಿಂತು ನೋಡಬಹುದು. ಗಡಿಯಾರದಲ್ಲಿ ಮಾತ್ರ ಅರ್ಧ ಗಂಟೆಯ ವ್ಯತ್ಯಾಸವಿದೆ: ಅಕ್ಟೋಬರಿನಲ್ಲಿ ಸೂರ್ಯ ಅಷ್ಟು ಬೇಗ ಮುಳುಗುತ್ತಾನೆ. ನಾನು ಹೀಗೆಯೇ ಮರಗಳ ನೆರಳು ಎಲ್ಲಿ ಬೀಳುತ್ತದೆಂದು ಗೂಟ ನೆಟ್ಟು ಗುರುತಿಸಿ, ಆ ಗೂಟಗಳಿಂದಲೇ ಕುರ್ಚಿಯ ಸಾಲುಗಳನ್ನು ಎಳೆದೆ.

ಗಾಳಿಯದು ಇನ್ನೊಂದು ಬಗೆಯ ಲೆಕ್ಕ. ಇಳಿಜಾರಿನ ನೆಲದಲ್ಲಿ ಹಗಲು ಬಿಸಿಯಾದ ಗಾಳಿ ಮೇಲಕ್ಕೆ ಹರಿಯುತ್ತದೆ, ಸೂರ್ಯ ಮುಳುಗಿದ ಮೇಲೆ ತಣ್ಣಗಾದ ಗಾಳಿ ಕೆಳಕ್ಕೆ ಇಳಿಯುತ್ತದೆ. ಬೇರೆ ಬಲವಾದ ಗಾಳಿ ಇಲ್ಲದ ಸಂಜೆಗಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಮಧ್ಯಾಹ್ನ ನೋಡಿದ ಹೊಗೆಯ ದಿಕ್ಕನ್ನು ನಂಬಿ ಅಡುಗೆಯ ಜಾಗ ಆರಿಸಿದರೆ ಊಟದ ಹೊತ್ತಿಗೆ ಹೊಗೆ ಮೇಜುಗಳತ್ತ ತಿರುಗಬಹುದು. ಅಡುಗೆ ಮತ್ತು ಶೌಚಾಲಯ ಎರಡನ್ನೂ ಇಳಿಜಾರಿನ ಕೆಳಭಾಗದಲ್ಲಿ, ಆದರೆ ಒಂದಕ್ಕೊಂದು ವಿರುದ್ಧ ಮೂಲೆಗಳಲ್ಲಿ ಇಟ್ಟೆವು. ಶೌಚಾಲಯವನ್ನು ಬಾವಿಯಿಂದ 30 ಮೀಟರಿಗೂ ದೂರ ಇಡಲೇಬೇಕು. 50 ಜನರಿಗೆ ಒಂದರಂತೆ ಏರ್ಪಡಿಸಿ, ಅಲ್ಲಿಗೆ ಹೋಗುವ ದಾರಿಗೆ ದೀಪ ಹಾಕಿಸಿದೆವು. ಕತ್ತಲಲ್ಲಿ ಹುಡುಕಬೇಕಾದ ಶೌಚಾಲಯ ಇದ್ದೂ ಇಲ್ಲದಂತೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಯಾರ ಅಂದಾಜನ್ನೂ ಒಪ್ಪಲಿಲ್ಲ. ಪ್ರತಿ ದೀಪ, ಫ್ಯಾನು, ಪಂಪು, ಧ್ವನಿವರ್ಧಕದ ವ್ಯಾಟ್ ಬರೆದು ಕೂಡಿಸಿದೆ. ಒಟ್ಟು 12 ಕಿಲೋವ್ಯಾಟ್ ಬಂತು. ಪವರ್ ಫ್ಯಾಕ್ಟರ್, ಅಂದರೆ ಯಂತ್ರ ಕೊಡುವ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲು, 0.8 ಎಂದು ಹಿಡಿದರೆ ಅದು ಜನರೇಟರುಗಳ ಅಳತೆಯಾದ ಕೆವಿಎಯಲ್ಲಿ 15. ಜನರೇಟರನ್ನು ಅದರ ಸಾಮರ್ಥ್ಯದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ದುಡಿಸಬಾರದು, ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ ಎಂಬ ಕಾರಣಗಳಿಂದ 20 ಕೆವಿಎಯ ಯಂತ್ರ ತರಿಸಿದೆವು. ಸದ್ದು ಮತ್ತು ಹೊಗೆಯ ಕಾರಣಕ್ಕೆ ಅದನ್ನು 50 ಮೀಟರ್ ಆಚೆ ಇಟ್ಟೆವು, ಆದರೆ ದೂರಕ್ಕೂ ಬೆಲೆ ತೆರಬೇಕು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 50 ಮೀಟರ್ ದೂರಕ್ಕೆ 20 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲಿ ಸುಮಾರು 15 ವೋಲ್ಟ್ ಕಳೆದುಹೋಗುತ್ತದೆ, 6 ಚದರ ಮಿಲಿಮೀಟರಿನ ತಂತಿಯಲ್ಲಿ ಆ ನಷ್ಟ 6 ವೋಲ್ಟಿನ ಆಸುಪಾಸು. ದಪ್ಪ ತಂತಿಗೇ ಪಟ್ಟು ಹಿಡಿದೆ. ಒದ್ದೆ ಹುಲ್ಲಿನ ಮೇಲೆ ತಂತಿ ಹಾಯುವುದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತವಾಗುವ ಸುರಕ್ಷಾ ಸ್ವಿಚ್ಚು ಇಲ್ಲದ ಯಾವ ಸಂಪರ್ಕವೂ ಬೇಡವೆಂದು ಕೆಲಸ ಒಪ್ಪಿಸುವಾಗಲೇ ಬರೆದುಕೊಟ್ಟೆ. ಹೆಚ್ಚುವರಿ ತಂತಿಯನ್ನು ಸುರುಳಿಯಲ್ಲೇ ಬಿಟ್ಟರೆ ಅದು ಬಿಸಿಯಾಗುತ್ತದೆ. ಪೂರ್ತಿ ಬಿಚ್ಚಿ ಹಾಸಿಸಬೇಕು.

ಗೋಡೆಗಳಿಲ್ಲದ ಬಯಲಿನಲ್ಲಿ ಅಂತರ ಎರಡರಷ್ಟಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ಸಾಲಿಗೆ ಕೇಳಿಸಲೆಂದು ವೇದಿಕೆಯ ಬಳಿ ದೊಡ್ಡ ಧ್ವನಿವರ್ಧಕ ಇಟ್ಟರೆ ಮುಂದಿನ ಸಾಲಿನವರ ಕಿವಿಗೆ ಶಿಕ್ಷೆ. ನಡುನಡುವೆ ಚಿಕ್ಕವುಗಳನ್ನು ಇರಿಸಿ, ವೇದಿಕೆಯ ಸದ್ದು ಅಲ್ಲಿಗೆ ತಲುಪಲು ಬೇಕಾಗುವಷ್ಟು, ಅಂದರೆ ಮೀಟರಿಗೆ 3 ಮಿಲಿಸೆಕೆಂಡಿನಂತೆ, ದೂರದವುಗಳಿಗೆ ತಡ ಕೊಟ್ಟಾಗ ಮಾತು ಪ್ರತಿಧ್ವನಿಸದೆ ಸ್ಪಷ್ಟವಾಗಿ ಕೇಳಿಸಿತು. ಹಳ್ಳಿಯವರಿಗೂ ಇದರಿಂದ ಉಪಕಾರವಾಯಿತು. ಹತ್ತಿರದ ಮನೆಗಳಿಗೆ ಮೊದಲೇ ಹೋಗಿ ಸದ್ದು ಯಾವಾಗ ನಿಲ್ಲುತ್ತದೆಂದು ತಿಳಿಸಿದ್ದೆವು, ಸ್ಥಳೀಯ ಆಡಳಿತದ ಅನುಮತಿಯನ್ನೂ ಪಡೆದಿದ್ದೆವು.

ನೀರು ಒಬ್ಬರಿಗೆ ಕುಡಿಯುವುದು, ಕೈತೊಳೆಯುವುದು, ಶೌಚ, ಪಾತ್ರೆ ಎಲ್ಲಕ್ಕೂ ಸೇರಿ 15 ಲೀಟರಿನಂತೆ 4,500 ಲೀಟರ್. ಇಷ್ಟು ನೀರೇ ನಾಲ್ಕೂವರೆ ಟನ್ ತೂಗುವುದರಿಂದ ಟ್ಯಾಂಕರ್ ಬರುವ ದಾರಿಯ ನೆಲ ಗಟ್ಟಿಯಿದೆಯೇ ಎಂದು ನೋಡಿಕೊಂಡು ತೊಟ್ಟಿಯ ಸ್ಥಳ ನಿಗದಿ ಮಾಡಿದೆ.

ಮಳೆಯ ಭಯ ಎಲ್ಲರಿಗೂ ಇರುತ್ತದೆ, ಗಾಳಿಯ ಭಯ ಕೆಲವರಿಗೇ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ದೊಡ್ಡದು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರಿನ ಗಾಳಿ ಒಂದು ಚದರ ಮೀಟರಿಗೆ 6 ಕಿಲೋ ತೂಕದಷ್ಟು ಒತ್ತಿದರೆ, 72 ಕಿಲೋಮೀಟರಿನದು 25 ಕಿಲೋದಷ್ಟು. ಶಾಮಿಯಾನದ ಪಕ್ಕದ ಪರದೆಗಳನ್ನು ಬಿಗಿದು ಕಟ್ಟಿದರೆ ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ, ಹಾಗಾಗಿ ಪರದೆಗಳು ಕೂಡಲೇ ಬಿಚ್ಚುವಂತಿರಬೇಕು. ಮಾಡು ಸಮತಟ್ಟಾಗಿದ್ದರೆ ಇನ್ನೊಂದು ತೊಂದರೆ: 100 ಚದರ ಮೀಟರ್ ಬಟ್ಟೆಯ ಮೇಲೆ 10 ಮಿಲಿಮೀಟರ್ ಮಳೆ ನಿಂತರೆ ಒಂದು ಟನ್ ನೀರು. ಇಳಿಜಾರಿನ ಮಾಡನ್ನೇ ಕೇಳಿ ಹಾಕಿಸಿ, ಯಾವ ವೇಗದ ಗಾಳಿಯವರೆಗೆ ಅದು ತಡೆಯುತ್ತದೆಂಬುದನ್ನು ಹಾಕುವವರಿಂದಲೇ ಬರೆಸಿಕೊಂಡೆ. ಗುಡುಗು ಕೇಳಿಸಿದರೆ ಶಾಮಿಯಾನವೂ ಮರದಡಿಯೂ ಆಸರೆಯಲ್ಲವಾದ್ದರಿಂದ ಜನರನ್ನು ಹತ್ತಿರದ ಕಟ್ಟಡಕ್ಕೆ ಮತ್ತು ಕಾರುಗಳಿಗೆ ಕಳುಹಿಸಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯುವುದೆಂದು ನಿಯಮ ಮಾಡಿಕೊಂಡಿದ್ದೆವು. ಇದನ್ನು ಘೋಷಿಸುವ ಅಧಿಕಾರ ನನ್ನ ಚಿಕ್ಕಪ್ಪ ಒಬ್ಬರಿಗೇ ಇತ್ತು. ಹತ್ತು ಜನ ಹಿರಿಯರು ಸೇರಿ ಆಗ ಚರ್ಚಿಸುವಂತಾಗಬಾರದು.

ಬಿಸಿಯಾದ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೇ ಇರಬೇಕು, ಅದಕ್ಕಿಂತ ಇಳಿದದ್ದು ಎರಡು ಗಂಟೆ ದಾಟಬಾರದು. ಬಯಲಿನ ಗಾಳಿಗೆ ಪಾತ್ರೆಗಳು ಬೇಗ ಆರುವುದರಿಂದ ಬಡಿಸುವ ಜಾಗವನ್ನು ಅಡುಗೆಗೆ ಸಮೀಪದಲ್ಲೇ ಇಟ್ಟೆವು. ಹುಳುಗಳನ್ನು ಬಿಳಿ ದೀಪಕ್ಕಿಂತ ಹಳದಿ ದೀಪ ಕಡಿಮೆ ಸೆಳೆಯುತ್ತದೆ. ಸೊಳ್ಳೆಗಳು ಗಾಳಿಗೆ ಎದುರಾಗಿ ಹಾರಲಾರದ ದುರ್ಬಲ ಜೀವಿಗಳಾದ್ದರಿಂದ ಮೇಜುಗಳ ಬದಿಯ ಫ್ಯಾನುಗಳು ಸೆಕೆಗಿಂತ ಅವುಗಳ ವಿರುದ್ಧವೇ ಹೆಚ್ಚು ಕೆಲಸ ಮಾಡಿದವು.

ಶಾಮಿಯಾನ ಕಟ್ಟುವಾಗ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಗಳನ್ನು ಎಣಿಸಿ ಬರೆದಿಟ್ಟಿದ್ದೆ. ಮರುದಿನ ಅಷ್ಟೂ ಮೇಲೆ ಬಂದವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಶಾಮಿಯಾನದವರ ಬಾಕಿ ಹಣ ಕೊಟ್ಟೆ, ಏಕೆಂದರೆ ಮಣ್ಣಿನಲ್ಲಿ ಉಳಿದ ಒಂದು ಗೂಟ ಟ್ರ್ಯಾಕ್ಟರಿನ ಚಕ್ರವನ್ನೋ ಎತ್ತಿನ ಕಾಲನ್ನೋ ಕೆಡಿಸಬಲ್ಲದು. ತಂತಿಯ ಚೂರು ಮತ್ತು ಪ್ಲಾಸ್ಟಿಕ್ಕನ್ನು ಆಯಲು ಬೇರೆಯೇ ಜನರನ್ನು ಗೊತ್ತುಮಾಡಿದ್ದೆ. ಹೊಲದ ಒಡೆಯರು ನಮ್ಮೊಂದಿಗೆ ಒಂದು ಸುತ್ತು ನಡೆದು ನೋಡಿ ಒಪ್ಪಿದ ಮೇಲೆ ಗೇಟಿನ ಬೀಗದ ಕೈಯನ್ನು ಅವರಿಗೆ ಹಿಂದಿರುಗಿಸಿದೆ.